ಸೋಲಬೇಕಿದ್ದ ದನಿ: ‘ಬಸಂತ್ ಬಹಾರ್’ ಹಾಡುಗಳನ್ನು ಕೇಳುವ ಬಗೆ

ಹಾಡಿನ ಪಂದ್ಯ ಎಂದರೆ ಏನೆಂದು ಉಮರ್ಗಾ, ನಿಲಂಗಾ, ಉದಗೀರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮರಾಠಿ ಶಾಹಿರರ ಕಲಗಿ-ತುರಾ, ಕನ್ನಡದ ಹರದೇಶಿ-ನಾಗೇಶಿ ಎರಡರ ಹೆಸರೂ ಬಲ್ಲ ಸೀಮೆ ಇದು. ಒಂದು ಮೇಳ ಸವಾಲು ಎಸೆಯುತ್ತದೆ, ಎದುರಿನ ಮೇಳ ಜವಾಬು ಕಟ್ಟುತ್ತದೆ. ಶಕ್ತಿ ಹೆಚ್ಚೋ ಶಿವ ಹೆಚ್ಚೋ ಎಂಬ ವಾದ ಬೆಳಗಿನ ತನಕ ಎಳೆಯುತ್ತದೆ. ಅಂಥ ಪದ ಕೇಳಿದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಎದುರಿನ ಮೇಳ ಸಪ್ಪೆಯಾದರೆ ಗೆದ್ದವರ ಹಾಡಿಗೂ ಕಿಮ್ಮತ್ತು ಇಲ್ಲ. ಸೋತವರು ಎಷ್ಟು ಗಟ್ಟಿಯಾಗಿ ಹಾಡಿದರು ಎಂಬುದರ ಮೇಲೆ ಆ ರಾತ್ರಿಯ ತೂಕ ನಿಂತಿರುತ್ತದೆ.

1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’ನಲ್ಲಿ ಅಂಥದೇ ಒಂದು ಪಂದ್ಯ ಇದೆ. ಎದುರುಬದುರು ಇಬ್ಬರು ಗಾಯಕರು: ಒಬ್ಬ ಹೆಸರು ಮಾಡಿದ ಹಿರಿಯ ಗವಾಯಿ, ಇನ್ನೊಬ್ಬ ಕಥಾನಾಯಕ ಗೋಪಾಲ. ಗೋಪಾಲನ ಪಾತ್ರ ಮಾಡಿದವರು ಭಾರತ್ ಭೂಷಣ್. ಅವರಿಗೆ ದನಿ ಕೊಟ್ಟವರು ಮನ್ನಾ ಡೇ. ಹಿರಿಯ ಗವಾಯಿಗೆ ದನಿ ಕೊಟ್ಟವರು ಗದಗ ಸೀಮೆಯ ನಮ್ಮ ಭೀಮಸೇನ ಜೋಶಿ. ಹಾಡಿನ ಹೆಸರು ‘ಕೇತಕಿ ಗುಲಾಬ್ ಜೂಹಿ’. ಕಥೆಯ ಪ್ರಕಾರ ಗೋಪಾಲ ಗೆಲ್ಲಬೇಕು, ಅಂದರೆ ಭೀಮಸೇನರು ಸೋಲಬೇಕು. ಅದೂ ಕೇಳುವವರು ಹೌದು ಅನ್ನುವ ಹಾಗೆ ಸೋಲಬೇಕು.

ಈ ಸೋಲನ್ನು ಹೇಗೆ ಕಟ್ಟಿದರು ಎಂಬುದನ್ನು ತಿಳಿದುಕೊಂಡರೆ ಆ ಚಿತ್ರದ ಉಳಿದ ಹಾಡುಗಳೂ ತಾವಾಗಿ ತೆರೆದುಕೊಳ್ಳುತ್ತವೆ. ಅದಕ್ಕೇ ಇಲ್ಲಿಂದ ಶುರು ಮಾಡುತ್ತೇನೆ. ಆದರೆ ಅದಕ್ಕೂ ಮೊದಲು ಈ ಚಿತ್ರಕ್ಕೂ ಕನ್ನಡಕ್ಕೂ ಇರುವ ನಂಟನ್ನು ಹೇಳಿಬಿಡಬೇಕು. ಹಾಡು ಗುನುಗುವ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ.

‘ಬಸಂತ್ ಬಹಾರ್’ ಕಥೆಯ ಮೂಲ ತ.ರಾ.ಸು. ಅವರ ಕಾದಂಬರಿ ‘ಹಂಸಗೀತೆ’. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಬದುಕಿನ ಸುತ್ತ ತ.ರಾ.ಸು. ಹೆಣೆದ ಕಥೆ ಅದು. ಹಾಡು ಯಾರಿಗಾಗಿ, ಅರಮನೆಗೋ ದೇವರಿಗೋ ಎಂಬ ಪ್ರಶ್ನೆ ಅದರ ಹೊಟ್ಟೆಯೊಳಗಿದೆ. ಕಾದಂಬರಿಯಲ್ಲಿ ಕೇಳಿಸುವುದು ಕರ್ನಾಟಕ ಸಂಗೀತ. ನಿರ್ದೇಶಕ ರಾಜಾ ನವಾಥೆ ಅದನ್ನು ಹಿಂದಿಗೆ ತಂದಾಗ ಸಂಗೀತವೂ ಹಿಂದೂಸ್ತಾನಿಗೆ ಹೊರಳಿತು. ಮುಂದೆ 1975ರಲ್ಲಿ ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಅನಂತ್ ನಾಗ್ ಅವರನ್ನು ಇಟ್ಟುಕೊಂಡು ಕನ್ನಡದಲ್ಲಿ ಮಾಡಿದರು. ಅದರ ಗಾಯನಕ್ಕೆ ಎಂ. ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಒಂದೇ ಕನ್ನಡ ಕಾದಂಬರಿಯಿಂದ ಎರಡೂ ಪದ್ಧತಿಯ ಸಂಗೀತ ಹುಟ್ಟಿದ್ದು ಸಣ್ಣ ಮಾತಲ್ಲ. ತ.ರಾ.ಸು. ಅವರ ಬರಹದೊಳಗೇ ಅಷ್ಟು ನಾದ ಇತ್ತು ಎಂದು ನನಗೆ ಅನ್ನಿಸುತ್ತದೆ.

‘ಬಸಂತ್ ಬಹಾರ್’ ಬಂದ 1956 ನಮ್ಮ ಭಾಗಕ್ಕೂ ಮರೆಯುವ ವರ್ಷವಲ್ಲ. ಅಲ್ಲಿಯವರೆಗೆ ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ಉಮರ್ಗಾ ಅದೇ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಬೀದರ್, ಭಾಲ್ಕಿ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ದಖನಿ ಉರ್ದು ಎಂಬ ಬದುಕು ಅದಕ್ಕೂ ಹಿಂದಿನದು. ನಿಜಾಮರ ಕಾಲದಲ್ಲಿ ಕಲಿತ ಹಿರಿಯರಿಗೆ ಉರ್ದು ಶಾಲೆಯ ಭಾಷೆಯೇ ಆಗಿತ್ತು. ಹಾಗಾಗಿ ಈ ಚಿತ್ರದ ಹಾಡು ಬರೆದ ಶೈಲೇಂದ್ರರ ಹಿಂದಿ, ಹಸರತ್ ಜೈಪುರಿಯವರ ಉರ್ದು ಎರಡೂ ಇಲ್ಲಿ ಕಿವಿಗೆ ತಡೆಯಿಲ್ಲದೆ ಇಳಿಯುತ್ತಿದ್ದವು. ಸಂಗೀತ ಕೊಟ್ಟ ಶಂಕರ್-ಜೈಕಿಶನ್ ಜೋಡಿಯಲ್ಲಿ ಶಂಕರ್ ಅವರು ಹೈದರಾಬಾದಿನವರೇ, ಕೈ ಪಳಗಿದ್ದು ತಬಲಾದಲ್ಲಿ. ಆ ತಬಲಾ ಈ ಚಿತ್ರದ ಹಾಡುಗಳಲ್ಲಿ ಎಲ್ಲೆಲ್ಲೂ ಮಾತಾಡುತ್ತದೆ.

ಶಂಕರ್-ಜೈಕಿಶನ್ ಎಂದರೆ ‘ಬರಸಾತ್’, ‘ಆವಾರಾ’, ‘ಶ್ರೀ 420’ರ ಜೋಡಿ. ದೊಡ್ಡ ವಾದ್ಯವೃಂದ, ಪಿಟೀಲುಗಳ ಸಾಲು, ಅಕಾರ್ಡಿಯನ್ನು, ಕೇಳಿದ ತಕ್ಷಣ ಬಾಯಿಗೆ ಬರುವ ಧಾಟಿ. ಅವರಿಗೆ ರಾಗದ ಚಿತ್ರ ಕೈಗೆ ಹತ್ತುತ್ತದೆಯೇ ಎಂದು ಆ ಕಾಲದಲ್ಲಿ ಯಾರಾದರೂ ಕೇಳಿದ್ದರೆ ತಪ್ಪಿರಲಿಲ್ಲ. ಮೇಲಾಗಿ ಎದುರಿಗೆ ಅಳತೆಗೋಲು ಒಂದಿತ್ತು. 1952ರಲ್ಲಿ ನೌಶಾದ್ ‘ಬೈಜು ಬಾವ್ರಾ’ ಮಾಡಿದ್ದರು. ಅದರಲ್ಲೂ ನಾಯಕ ಭಾರತ್ ಭೂಷಣ್, ಅದರಲ್ಲೂ ಹಾಡಿನ ಪಂದ್ಯ. ಅಲ್ಲಿ ಎದುರಾದ ಎರಡು ದನಿ ಉಸ್ತಾದ್ ಅಮೀರ್ ಖಾನ್ ಮತ್ತು ಪಂಡಿತ್ ಡಿ.ವಿ. ಪಲೂಸ್ಕರ್. ಇಬ್ಬರೂ ಬೈಠಕ್ಕಿನವರು, ಒಂದೇ ತಕ್ಕಡಿಯ ಎರಡು ತಟ್ಟೆ.

ಶಂಕರ್-ಜೈಕಿಶನ್ ಹಿಡಿದ ದಾರಿ ಅದಕ್ಕಿಂತ ಕಠಿಣವಾದದ್ದು. ಒಂದು ಕಡೆ ಬೈಠಕ್ಕಿನ ಗವಾಯಿ, ಇನ್ನೊಂದು ಕಡೆ ಸಿನಿಮಾ ಗಾಯಕ. ಗೆಲ್ಲಬೇಕಾದವನು ಸಿನಿಮಾ ಗಾಯಕ. ಮನ್ನಾ ಡೇ ತಮ್ಮ ಆತ್ಮಕಥೆಯಲ್ಲೂ ಸಂದರ್ಶನಗಳಲ್ಲೂ ಇದನ್ನು ಮನಸ್ಸು ಬಿಚ್ಚಿ ಹೇಳಿಕೊಂಡಿದ್ದಾರೆ. ಭೀಮಸೇನ ಜೋಶಿಯವರ ಎದುರು ಹಾಡಿ ಗೆಲ್ಲಬೇಕು ಎಂದು ಗೊತ್ತಾದಾಗ ಅವರಿಗೆ ಕೈಕಾಲು ಆಡಲಿಲ್ಲ. ಕೆಲವು ದಿನ ಊರು ಬಿಟ್ಟು ಹೋಗಿಬಿಡೋಣ, ಅಷ್ಟರಲ್ಲಿ ಬೇರೆಯವರಿಂದ ಹಾಡಿಸಿಕೊಳ್ಳುತ್ತಾರೆ ಎಂದು ಹೆಂಡತಿ ಸುಲೋಚನಾ ಅವರಿಗೆ ಹೇಳಿದರಂತೆ. ಆಕೆ ಒಪ್ಪಲಿಲ್ಲ. ಮನ್ನಾ ಡೇ ತಯಾರಿಗೆ ಕೂತರು. ಹಾಡು ಮುಗಿದ ಮೇಲೆ, ನೀವು ಶಾಸ್ತ್ರೀಯವನ್ನೇ ಹಿಡಿಯಬೇಕು ಎಂದು ಭೀಮಸೇನರು ಹೇಳಿದ್ದನ್ನು ಅವರು ಕೊನೆಯ ತನಕ ನೆನೆಯುತ್ತಿದ್ದರು.

ಅಂಜಿಕೆ ಇದ್ದರೂ ಅವರು ಬರಿಗೈಯವರಾಗಿರಲಿಲ್ಲ. ಚಿಕ್ಕಪ್ಪ ಕೃಷ್ಣಚಂದ್ರ ಡೇ ಅವರಿಂದ ಬಾಲ್ಯದಲ್ಲೇ ಪಾಠ ಆಗಿತ್ತು. ಆಮೇಲೆ ಉಸ್ತಾದ್ ದಬೀರ್ ಖಾನ್, ಮುಂಬಯಿಯಲ್ಲಿ ಉಸ್ತಾದ್ ಅಮಾನ್ ಅಲಿ ಖಾನ್ ಮತ್ತು ಅಬ್ದುಲ್ ರಹಮಾನ್ ಖಾನ್ ಅವರ ಹತ್ತಿರ ಕಲಿತಿದ್ದರು. ಇನ್ನೊಂದು ಸಂಗತಿ ಗಮನಿಸುವಂಥದು. ಕಥೆಯಲ್ಲಿ ಸೋಲುವವನು ಹಿರಿಯ, ಗೆಲ್ಲುವವನು ಕಿರಿಯ. ವಾಸ್ತವದಲ್ಲಿ ಮನ್ನಾ ಡೇ ಹುಟ್ಟಿದ್ದು 1919ರಲ್ಲಿ, ಭೀಮಸೇನರು 1922ರಲ್ಲಿ. ಮೂವತ್ತನಾಲ್ಕರ ಭೀಮಸೇನರ ದನಿಗೆ ಆಗಲೇ ಹಳೆಯ ಮರದ ತಿರುಳಿನ ಗಟ್ಟಿತನ ಬಂದಿತ್ತು. ಆ ಗವಾಯಿಯ ವಯಸ್ಸನ್ನು ಕೇಳುವವರು ಒಪ್ಪಿಕೊಂಡದ್ದು ವೇಷಕ್ಕಿಂತ ಹೆಚ್ಚಾಗಿ ಆ ದನಿಯಿಂದ.

ಈಗ ರಾಗಕ್ಕೆ ಬರೋಣ. ‘ಕೇತಕಿ ಗುಲಾಬ್ ಜೂಹಿ’ ಹಾಡು ಬಸಂತ ರಾಗದಲ್ಲಿದೆ. ರಾಗದ ಲಕ್ಷಣ ತಿಳಿಯದಿದ್ದರೂ ಹಾಡು ಸವಿಯಬಹುದು, ಅದರಲ್ಲಿ ಅನುಮಾನ ಇಲ್ಲ. ಆದರೆ ನಾಲ್ಕು ಮಾತು ತಿಳಿದು ಕೇಳಿದರೆ ಅದೇ ಹಾಡು ಇನ್ನಷ್ಟು ಆಳಕ್ಕೆ ಬಿಡುತ್ತದೆ. ಬಸಂತದಲ್ಲಿ ರಿಷಭ, ಧೈವತ ಎರಡೂ ಕೋಮಲ. ಮಧ್ಯಮ ಎರಡು, ತೀವ್ರವೂ ಇದೆ ಶುದ್ಧವೂ ಇದೆ. ಯಮನ್ ಅಥವಾ ಭೂಪದಂಥ ರಾಗಗಳು ಕೆಳಗಿನ ಷಡ್ಜದ ಸುತ್ತ ಅಂಗಳ ಹಾಕಿಕೊಂಡು ಮೆಲ್ಲಗೆ ಮೇಲೇರುತ್ತವೆ. ಬಸಂತದ ಮನೆಯೇ ಮೇಲಿದೆ. ತಾರ ಷಡ್ಜ ಅದರ ವಾದಿ ಸ್ವರ. ಏರುವಾಗ ತೀವ್ರ ಮಧ್ಯಮ, ಕೋಮಲ ಧೈವತ ಮುಟ್ಟಿ ಒಮ್ಮೆಲೇ ಮೇಲಿನ ಕೋಮಲ ರಿಷಭಕ್ಕೆ ಹಾರಿ ಅಲ್ಲಿಂದ ಷಡ್ಜಕ್ಕೆ ಇಳಿದು ಕೂರುವುದು ಬಸಂತದ ಗುರುತಿನ ನಡೆ. ಪಕ್ಕದ ಪರಜ್ ರಾಗಕ್ಕೂ ಹೆಚ್ಚುಕಡಿಮೆ ಇವೇ ಸ್ವರಗಳು. ಪರಜ್ ಚುರುಕಾಗಿ ಓಡುತ್ತದೆ, ಬಸಂತ ಒಂದೊಂದು ಸ್ವರದ ಮೇಲೆ ಭಾರ ಹಾಕಿ ನಡೆಯುತ್ತದೆ. ರಾತ್ರಿಯ ಕೊನೆಯ ಜಾವ ಇದರ ಹೊತ್ತು. ವಸಂತ ಋತುವಿನಲ್ಲಿ ಮಾತ್ರ ಯಾವ ಹೊತ್ತಿಗೂ ಹಾಡಬಹುದು ಎಂಬ ರಿಯಾಯಿತಿ ಇದೆ.

ಪಂದ್ಯಕ್ಕೆ ಇದೇ ರಾಗ ಏಕೆ ಒಪ್ಪುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಬೈಠಕ್ಕಿನಲ್ಲಿ ಒಂದು ಖಯಾಲಿಗೆ ಮುಕ್ಕಾಲು ಗಂಟೆ ಸಿಗುತ್ತದೆ, ಕೆಳಗಿನಿಂದ ಮೆಟ್ಟಿಲು ಮೆಟ್ಟಿಲು ಏರಲು ಪುರಸೊತ್ತಿದೆ. ಸಿನಿಮಾದಲ್ಲಿ ಕೆಲವೇ ನಿಮಿಷ. ಬಸಂತ ಹಿಡಿದರೆ ಏರುವ ಕೆಲಸ ತಪ್ಪುತ್ತದೆ, ಹಾಡು ಶುರುವಾಗುವುದೇ ಎತ್ತರದಲ್ಲಿ. ಇಬ್ಬರೂ ಗಾಯಕರು ತಾರ ಷಡ್ಜದ ಬಾಗಿಲಲ್ಲೇ ಎದುರಾಗುತ್ತಾರೆ. ದನಿಯಲ್ಲಿ ಕಸುವು ಇದೆಯೇ ಇಲ್ಲವೇ ಎಂಬುದು ಮೊದಲ ಸಾಲಿಗೇ ಬಯಲಾಗುತ್ತದೆ. ಋತುವಿನ ರಾಗ ಎಂಬ ಕಾರಣಕ್ಕೆ ಇದನ್ನು ಆರಿಸಿದರು ಎಂದು ಮೇಲುನೋಟಕ್ಕೆ ಕಾಣುತ್ತದೆ. ಚಿತ್ರದ ಹೆಸರೂ ಹಾಗೇ ಇದೆ. ಆದರೆ ಕುಸುರಿಗಾರನ ಲೆಕ್ಕ ಇದರೊಳಗೆ ಇದೆ ಎಂದೇ ನನ್ನ ನಂಬಿಕೆ.

ಶೈಲೇಂದ್ರರ ಸಾಹಿತ್ಯವನ್ನೂ ಇದೇ ಕಣ್ಣಿನಿಂದ ನೋಡಬೇಕು. ಕೇದಗೆ, ಗುಲಾಬಿ, ಜಾಜಿ ಎಂದು ಹೂಗಳ ಹೆಸರನ್ನೇ ಸಾಲಾಗಿ ಪೋಣಿಸಿ ಹಾಡು ಎತ್ತುತ್ತಾರೆ. ಹಳೆಯ ಬಂದಿಶ್‌ಗಳ ರೀತಿ ಅದು. ಅಲ್ಲಿ ಮಾತು ಕಡಿಮೆ ಇರಬೇಕು, ಇದ್ದ ಮಾತು ಸ್ವರಕ್ಕೆ ಜಾಗ ಬಿಡಬೇಕು. ಬೇರೆ ಚಿತ್ರಗಳಲ್ಲಿ ಬದುಕಿನ ಕಷ್ಟಸುಖವನ್ನು ನಾಲ್ಕು ಸಾಲಿನಲ್ಲಿ ಹಿಡಿದಿಟ್ಟ ಕವಿ ಇಲ್ಲಿ ತಮ್ಮ ಕೈಚಳಕವನ್ನೆಲ್ಲ ಹಿಂದಕ್ಕೆ ಇಟ್ಟುಕೊಂಡರು. ಗಾಯಕರ ಹಾಡು ಇದು, ಕವಿಯ ಹಾಡಲ್ಲ ಎಂದು ಅರಿತು ಬರೆದದ್ದು.

ಹಾಡನ್ನು ಮೊದಲ ಸಲ ಕೇಳುವವರಿಗೆ ನನ್ನದೊಂದು ಸಲಹೆ. ಗೆಲ್ಲುವವನನ್ನು ಬಿಡಿ, ಭೀಮಸೇನರ ದನಿಯ ಬೆನ್ನು ಹತ್ತಿ. ಅವರ ಘರಾಣೆ ಕಿರಾಣಾ. ಅಬ್ದುಲ್ ಕರೀಂ ಖಾನ್ ಅವರಿಂದ ಸವಾಯಿ ಗಂಧರ್ವರಿಗೆ, ಅವರಿಂದ ಕುಂದಗೋಳದಲ್ಲಿ ಭೀಮಸೇನರಿಗೆ ಬಂದ ಪರಂಪರೆ ಅದು. ಸ್ವರ ಹಚ್ಚುವ ರೀತಿಯಲ್ಲೇ ಕಿರಾಣಾದ ಹೆಗ್ಗಳಿಕೆ ಇದೆ: ಒಂದು ಸ್ವರವನ್ನು ಅದರ ನಡುಮಧ್ಯ ಹಿಡಿದು ನಿಲ್ಲಿಸುವುದು. ಆ ನಿಲುಗಡೆ ಈ ಹಾಡಿನಲ್ಲಿ ಮೊದಲ ಎಳೆತದಲ್ಲೇ ಸಿಗುತ್ತದೆ. ಉಸಿರು ನಾಭಿಯಿಂದ ಎದ್ದು ಬರುವುದು ಕೇಳಿಸುತ್ತದೆ. ‘ಆ’ಕಾರ ಬಾಯಿ ತುಂಬ ಬಿಚ್ಚಿಕೊಳ್ಳುತ್ತದೆ. ಮೈಕಿಗೆ ಅವರು ಏನೂ ರಿಯಾಯಿತಿ ತೋರಿಸುವುದಿಲ್ಲ. ಸಭೆಯ ಕೊನೆಯ ಸಾಲಿನಲ್ಲಿ ಕೂತವನಿಗೆ ಮುಟ್ಟಿಸುವಂತೆಯೇ ಹಾಡುತ್ತಾರೆ.

ಎರಡನೆಯ ಸಲ ಮನ್ನಾ ಡೇ ಅವರನ್ನು ಹಿಡಿಯಿರಿ. ಅವರು ಭೀಮಸೇನರಂತೆ ಹಾಡಲು ಹೋಗಲಿಲ್ಲ. ಇಲ್ಲೇ ಗೆಲುವಿನ ಬೀಜ ಇದೆ. ಗಾತ್ರಕ್ಕೆ ಗಾತ್ರ, ಕಸುವಿಗೆ ಕಸುವು ಎಂದು ಹೊರಟಿದ್ದರೆ ನಕಲು ಅನ್ನಿಸಿಕೊಳ್ಳುತ್ತಿದ್ದರು. ಅವರ ದನಿ ದುಂಡಾಗಿದೆ, ಅಂಚು ನಯವಾಗಿದೆ, ಒಂದೊಂದು ಅಕ್ಷರವೂ ತೊಳೆದಿಟ್ಟಂತೆ ಕೇಳಿಸುತ್ತದೆ. ಭೀಮಸೇನರು ಮಾತನ್ನು ಸ್ವರದೊಳಗೆ ಕರಗಿಸುವ ಕಡೆ ಮನ್ನಾ ಡೇ ಮಾತನ್ನು ಸ್ವರದ ಮೇಲೆ ತೇಲಿಸುತ್ತಾರೆ. ಮೈಕಿನ ಮುಂದೆ ವರ್ಷಗಟ್ಟಲೆ ಹಾಡಿದ ಕಂಠಕ್ಕೆ ಎಷ್ಟು ಹತ್ತಿರ ಬಂದರೆ ಎಷ್ಟು ಮೃದುವಾಗಬೇಕು ಎಂಬ ಹದ ತಿಳಿದಿರುತ್ತದೆ. ಆ ಹದವೇ ಅವರ ಆಯುಧ.

ಕಟ್ಟಣೆಯ ಜಾಣ್ಮೆ ಲಯದಲ್ಲಿ ಇದೆ. ಶುರುವಿನಲ್ಲಿ ಸಾಲುಗಳು ಉದ್ದ, ನಡೆ ಸಾವಕಾಶ. ಅದು ಬೈಠಕ್ಕಿನ ಹೊತ್ತು, ಅಲ್ಲಿ ಹಿರಿಯ ಗವಾಯಿಯ ಕೈ ಮೇಲು. ಲಯ ಏರಿದಂತೆ ಸಾಲುಗಳು ತುಂಡಾಗುತ್ತವೆ, ಒಬ್ಬರ ಬಾಯಿಂದ ಇನ್ನೊಬ್ಬರು ಕಸಿದುಕೊಂಡಂತೆ ಹಾಡು ಹಾರಾಡುತ್ತದೆ. ಕೊನೆಗೆ ತಾನ್‌ಗಳ ಮಳೆ. ತುಂಡು ಚಿಕ್ಕದಾದಷ್ಟೂ ಚುರುಕುತನಕ್ಕೆ ಬೆಲೆ, ಸಿನಿಮಾ ಗಾಯಕನಿಗೆ ಅನುಕೂಲ. ಹೀಗೆ ನೆಲ ಮೆಲ್ಲಗೆ ಓರೆಯಾಗುತ್ತ ಹೋಗುತ್ತದೆ. ಯಾವ ಕ್ಷಣದಲ್ಲಿ ತಕ್ಕಡಿ ವಾಲಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ತಬಲಾವನ್ನೇ ಹಿಂಬಾಲಿಸಿ ಇನ್ನೊಮ್ಮೆ ಕೇಳಿದರೆ ಈ ವಾಲುವಿಕೆ ಸ್ಪಷ್ಟವಾಗುತ್ತದೆ. ಶಂಕರ್ ತಬಲಾದವರು ಎಂಬ ಮಾತು ನೆನಪಾಗುವುದು ಇಲ್ಲಿ.

ಇಷ್ಟೆಲ್ಲ ಆದರೂ ಗೆಲುವು ನಂಬಿಕೆಗೆ ಬರುವುದು ಭೀಮಸೇನರ ಔದಾರ್ಯದಿಂದ. ಅವರು ಒಂದು ಸ್ವರವನ್ನೂ ಬೇಕೆಂದು ಸಡಿಲ ಮಾಡಲಿಲ್ಲ. ಸೋಲುವ ಪಾತ್ರ ತಾನೇ ಎಂದು ಅರೆಮನಸ್ಸಿನಲ್ಲಿ ಹಾಡಲಿಲ್ಲ. ಕೊನೆಯ ತಾನ್‌ವರೆಗೂ ಪೂರ್ತಿ ಭೀಮಸೇನರೇ. ಪೂರ್ತಿ ಹಾಡಿ, ಆಮೇಲೆ ಜಾಗ ಬಿಟ್ಟುಕೊಟ್ಟರು. ದೊಡ್ಡ ಗವಾಯಿಯೊಬ್ಬರು ಸಿನಿಮಾಕ್ಕೆ ಹಾಡುವುದನ್ನು ಮಡಿವಂತರು ಹಗುರವಾಗಿ ಕಾಣುತ್ತಿದ್ದ ಕಾಲ ಅದು. ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಸಿನಿಮಾ ಹಾಡಿನಿಂದ ಅಭಿರುಚಿ ಕೆಡುತ್ತದೆ ಎಂದು ಆಕಾಶವಾಣಿಯಲ್ಲಿ ಅದನ್ನು ದೂರ ಇಟ್ಟಿದ್ದರು. ಜನ 1952ರಿಂದ ರೇಡಿಯೋ ಸಿಲೋನಿನ ‘ಬಿನಾಕಾ ಗೀತಮಾಲಾ’ದ ಕಡೆ ಮುಳ್ಳು ತಿರುಗಿಸಿದ್ದರು. ವಿವಿಧ ಭಾರತಿ ಬಂದದ್ದು 1957ರ ಅಕ್ಟೋಬರ್ 3ರಂದು. ಬೈಠಕ್ ಎಂದೂ ನಡೆಯದ ಊರುಗಳಿಗೆ ಬಸಂತ ರಾಗ ಮುಟ್ಟಿದ್ದು ಇಂಥ ಹಾಡುಗಳ ಮೂಲಕ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಭೀಮಸೇನರಿಗೆ ಚಿಕ್ಕ ಹಾಡಿನ ಬಗ್ಗೆ ತಾತ್ಸಾರ ಇರಲು ಸಾಧ್ಯವೇ ಇರಲಿಲ್ಲ. ಹನ್ನೊಂದರ ಹುಡುಗನಾಗಿ 1933ರಲ್ಲಿ ಅವರು ಗುರುವನ್ನು ಹುಡುಕಿ ಮನೆ ಬಿಟ್ಟದ್ದು ಎಲ್ಲರಿಗೂ ಗೊತ್ತು. ಆ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನ್ ಅವರ ಒಂದು ಗ್ರಾಮಫೋನ್ ಪ್ಲೇಟು, ಝಿಂಝೋಟಿ ರಾಗದ ಠುಮ್ರಿ. ಮೂರು ನಿಮಿಷ ಚಿಲ್ಲರೆಯ ನಾದ. ಅಷ್ಟರಲ್ಲಿ ಏನೇನು ಹಿಡಿಸಬಹುದು ಎಂಬುದನ್ನು ತನ್ನ ಬಾಳಿನಿಂದಲೇ ಕಂಡವರು ಅವರು. ‘ಬಸಂತ್ ಬಹಾರ್’ನಲ್ಲಿ ಲತಾ ಮಂಗೇಶ್ಕರ್ ಹಾಡಿದ ‘ಜಾ ಜಾ ರೇ ಜಾ’ ಕೂಡ ಝಿಂಝೋಟಿಯಲ್ಲೇ ಇದೆ. ಕರೀಂ ಖಾನರ ಪ್ಲೇಟಿನಲ್ಲಿ ಈ ರಾಗ ಆರ್ತವಾಗಿ ಕರೆಯುತ್ತದೆ, ಲತಾ ಅವರ ಕಂಠದಲ್ಲಿ ಹುಸಿಮುನಿಸು ಮಾಡುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಒಂದು ರಾಗದ ಅಗಲ ಎಷ್ಟು ಎಂಬುದು ಯಾವ ಪಾಠವಿಲ್ಲದೆ ಮನಸ್ಸಿಗೆ ಹತ್ತುತ್ತದೆ.

ಚಿತ್ರದ ಉಳಿದ ಹಾಡುಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮನ್ನಾ ಡೇ ಅವರ ‘ಸುರ್ ನ ಸಜೇ’. ಸ್ವರ ಕೂಡುತ್ತಿಲ್ಲ, ಏನೆಂದು ಹಾಡಲಿ ಎಂದು ಗಾಯಕ ಒದ್ದಾಡುವ ಹಾಡು. ರಾಗ ಪೀಲೂ. ಪೀಲೂ ಒಂದು ದೊಡ್ಡ ಮನೆಯ ಹಾಗಿನ ರಾಗ, ಗಾಂಧಾರ ನಿಷಾದಗಳ ಕೋಮಲ-ಶುದ್ಧ ಎರಡೂ ರೂಪಕ್ಕೆ ಅಲ್ಲಿ ಜಾಗ ಇದೆ. ಬೇರೆ ರಾಗದಲ್ಲಿ ತಪ್ಪು ಅನ್ನಿಸುವ ಸ್ವರ ಇಲ್ಲಿ ಬಂದು ಕೂತು ಹೋಗುತ್ತದೆ. ಸ್ವರ ಎಲ್ಲಿ ಇಡಲಿ ಎಂದು ತಡಕಾಡುವವನಿಗೆ ಪೀಲೂ ಕೊಟ್ಟದ್ದು ಎಂಥ ಸೂಕ್ಷ್ಮ! ಗಾಂಧಾರ ಒಮ್ಮೆ ತಗ್ಗುತ್ತದೆ, ಒಮ್ಮೆ ಏರುತ್ತದೆ, ಆ ತೂಗಾಟವೇ ಹಾಡಿನ ಅರ್ಥ. ಮನ್ನಾ ಡೇ ಇಲ್ಲಿ ಪಂದ್ಯದ ಹುರುಪನ್ನೆಲ್ಲ ಕಳಚಿ ಇಟ್ಟಿದ್ದಾರೆ. ಕಣ್ಣೀರಿನ ದನಿ ತೆಗೆಯುವುದಿಲ್ಲ, ಗದ್ಗದ ಮಾಡುವುದಿಲ್ಲ. ಸ್ವರ ಕೂಡುತ್ತಿಲ್ಲ ಎನ್ನುವ ಹಾಡನ್ನು ಪೂರ್ತಿ ಕೂಡಿದ ಸ್ವರದಲ್ಲಿ ಹಾಡುವುದು ಎಷ್ಟು ಕಷ್ಟ ಎಂಬುದನ್ನು ಹಾಡಲು ಪ್ರಯತ್ನಿಸಿದವರೇ ಬಲ್ಲರು.

ಅವರದೇ ‘ಭಯ ಭಂಜನಾ’ ಪ್ರಾರ್ಥನೆ ಮಿಯಾ ಮಲ್ಹಾರದಲ್ಲಿದೆ. ಮಲ್ಹಾರ ಎಂದ ಕೂಡಲೇ ಸಿನಿಮಾದವರಿಗೆ ಮೋಡ, ಮಿಂಚು, ಮಳೆ ನೆನಪಾಗುತ್ತದೆ. ಇಲ್ಲಿ ಆ ರಾಗದ ಗಾಂಭೀರ್ಯ ಮಾತ್ರ ಬೇಕಾಗಿತ್ತು. ಕೋಮಲ ಗಾಂಧಾರ ನಿಂತಲ್ಲಿ ನಿಲ್ಲದೆ ನಿಧಾನ ತೂಗುತ್ತದೆ, ಎರಡು ನಿಷಾದಗಳು ಒಂದನ್ನೊಂದು ಸವರಿಕೊಂಡು ಹೋಗುತ್ತವೆ. ಭಯ ಹರಿಸು ಎಂದು ಬೇಡುವವನ ಎದೆಯ ಕಂಪನಕ್ಕೆ ಆ ತೂಗುವ ಗಾಂಧಾರ ಎಷ್ಟು ಸರಿ ಹೊಂದುತ್ತದೆ ನೋಡಿ. ವಾರಕರಿಗಳ ಕೀರ್ತನೆ, ಮಠದ ಶಿವಭಜನೆ ಎರಡನ್ನೂ ಕೇಳುತ್ತ ಬೆಳೆದ ಗಡಿಯವರಿಗೆ ಈ ಹಾಡು ಸಿನಿಮಾದ್ದು ಎಂದು ಅನ್ನಿಸುವುದೇ ಇಲ್ಲ. ಪೇಟಿ, ತಬಲಾ ಇಟ್ಟುಕೊಂಡು ಕೂತ ಯಾವ ಭಜನಾ ಮಂಡಳಿಯೂ ಇದನ್ನು ಸಂಕೋಚವಿಲ್ಲದೆ ಎತ್ತಿಕೊಳ್ಳಬಹುದು.

ಗೋಪಾಲನಿಗೆ ಈ ಚಿತ್ರದಲ್ಲಿ ಎರಡು ಕಂಠ. ಮನ್ನಾ ಡೇ ಅಲ್ಲದೆ ಮೊಹಮ್ಮದ್ ರಫಿಯವರೂ ಹಾಡಿದ್ದಾರೆ. ರಫಿಯವರ ‘ದುನಿಯಾ ನ ಭಾಯೇ’ ತೋಡಿಯಲ್ಲಿದೆ. ರಿಷಭ, ಗಾಂಧಾರ, ಧೈವತ ಮೂರೂ ಕೋಮಲ, ಮಧ್ಯಮ ತೀವ್ರ. ಬೆಳಗಿನ ರಾಗವಾದರೂ ಒಳಗೆಲ್ಲ ಕರುಣೆ. ರಾಗ ತೋರಿಸಬೇಕೆಂಬ ಹಟ ರಫಿಯವರಿಗೆ ಇಲ್ಲ. ಮೊರೆ ಇಡುವವನ ದನಿ ಎಷ್ಟು ಎತ್ತರಕ್ಕೆ ಹೋಗಬೇಕೋ ಅಷ್ಟು ಹೋಗುತ್ತದೆ, ರಾಗ ಅದರ ಜೊತೆ ತಾನಾಗಿ ಬರುತ್ತದೆ. ಮನ್ನಾ ಡೇ ತಿದ್ದಿ ಹಾಡುತ್ತಾರೆ, ರಫಿ ಸುರಿದು ಹಾಡುತ್ತಾರೆ. ಒಬ್ಬನೇ ನಾಯಕನಿಗೆ ಎರಡು ಕಂಠ ಯಾಕೆ ಎಂಬ ಆಕ್ಷೇಪ ನ್ಯಾಯವೇ. ನನಗೂ ಮೊದಮೊದಲು ಅದು ಒಪ್ಪಿಗೆಯಾಗುತ್ತಿರಲಿಲ್ಲ. ಕೇಳುತ್ತ ಹೋದಂತೆ ಅರಿವಾದದ್ದು ಇಷ್ಟು: ಗಾಯಕನಾಗಿ ಗೋಪಾಲ ಮನ್ನಾ ಡೇ ಅವರ ಕಂಠದಲ್ಲಿದ್ದಾನೆ, ಮನುಷ್ಯನಾಗಿ ಗೋಪಾಲ ರಫಿಯವರ ಕಂಠದಲ್ಲಿದ್ದಾನೆ.

ಲತಾ ಅವರ ‘ಮೈ ಪಿಯಾ ತೇರಿ’ಯನ್ನು ಕೊಳಲಿಗಾಗಿಯೇ ಒಮ್ಮೆ ಕೇಳಬೇಕು. ನುಡಿಸಿದವರು ಪನ್ನಾಲಾಲ್ ಘೋಷ್. ಚಿಕ್ಕ ಬಿದಿರಿನ ಕೊಳಲನ್ನು ಉದ್ದ ಮಾಡಿ, ಮಂದ್ರದ ಗಾಂಭೀರ್ಯ ತುಂಬಿ, ಅದನ್ನು ಖಯಾಲ್ ನುಡಿಸುವ ವಾದ್ಯವಾಗಿ ಕಛೇರಿಯ ನಡುವೆ ಕೂರಿಸಿದ ಕಲಾವಿದ. 1960ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಈ ಹಾಡಿನಲ್ಲಿ ಕ್ಷಣ ಹೊತ್ತು ಕೊಳಲು ಲತಾ ಅವರಿಗೆ ಉತ್ತರ ಕೊಡುತ್ತದೆ, ಕ್ಷಣ ಹೊತ್ತು ಅವರ ಮಾತಿನ ಕೊನೆಯನ್ನು ಎತ್ತಿಕೊಂಡು ಮುಂದೆ ಒಯ್ಯುತ್ತದೆ. ಬಹಳಷ್ಟು ಚಿತ್ರಗೀತೆಗಳಲ್ಲಿ ಕೊಳಲು ಸಾಲುಗಳ ನಡುವಿನ ಖಾಲಿ ಜಾಗ ತುಂಬಲು ಬರುತ್ತದೆ. ಇಲ್ಲಿ ಅದಕ್ಕೆ ಎರಡನೆಯ ಗಾಯಕನ ಸ್ಥಾನ ಇದೆ. ರಾಗ ಭೈರವಿ. ರಾತ್ರಿಯಿಡೀ ನಡೆದ ಹಾಡುಗಾರಿಕೆ ಭೈರವಿಯಲ್ಲಿ ಮುಗಿಯುವುದು ವಾಡಿಕೆ. ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲವಾಗಿ ಮನಸ್ಸು ಮೆತ್ತಗಾಗುವ ರಾಗ. ಹಸರತ್ ಜೈಪುರಿ ಬರೆದ ಒಪ್ಪಿಸಿಕೊಳ್ಳುವ ಮಾತಿಗೆ ಅದಕ್ಕಿಂತ ಸರಿಯಾದ ರಾಗ ಇಲ್ಲ.

ಹೀಗೆ ಬಸಂತ, ಪೀಲೂ, ಮಿಯಾ ಮಲ್ಹಾರ, ತೋಡಿ, ಝಿಂಝೋಟಿ, ಭೈರವಿ ಎಲ್ಲ ಒಂದೇ ಚಿತ್ರದೊಳಗೆ ಇವೆ. ಹಿಂದೂಸ್ತಾನಿ ಕಲಿಯಬೇಕೆಂಬ ಆಸೆ ಇದ್ದು ಗುರು ಸಿಗದ ಊರಿನ ಹುಡುಗರಿಗೆ ನಾನು ಈ ಚಿತ್ರದ ಹಾಡುಗಳನ್ನೇ ಮೊದಲ ಪುಸ್ತಕವೆಂದು ಹೇಳುತ್ತೇನೆ. ಮೊದಲು ಹಾಡು ಬಾಯಿಗೆ ಬರಲಿ. ಆಮೇಲೆ ಅದೇ ರಾಗದ ದೊಡ್ಡ ಖಯಾಲ್ ಕೇಳಲಿ. ಪರಿಚಯದ ಮುಖವೊಂದು ಜಾತ್ರೆಯಲ್ಲಿ ಕಂಡಂತೆ ರಾಗ ತಾನೇ ಗುರುತು ಹತ್ತುತ್ತದೆ.

ಭೀಮಸೇನರು ಸಿನಿಮಾಕ್ಕೆ ಹಾಡಿದ್ದು ಕಡಿಮೆ. ಆ ಕಡಿಮೆಯಲ್ಲಿ ಕನ್ನಡಕ್ಕೂ ಒಂದು ಪಾಲು ಬಂತು. 1966ರ ‘ಸಂಧ್ಯಾರಾಗ’ ಅ.ನ.ಕೃ. ಅವರ ಕಾದಂಬರಿಯಿಂದ ಬಂದ ಚಿತ್ರ. ನಾಯಕ ರಾಜ್‌ಕುಮಾರ್, ಸಂಗೀತ ಜಿ.ಕೆ. ವೆಂಕಟೇಶ್. ಅದರ ‘ನಂಬಿದೆ ನಿನ್ನ ನಾದದೇವತೆಯೆ’ ಹಾಡಿನಲ್ಲಿ ಭೀಮಸೇನರ ಕನ್ನಡ ಕೇಳಬೇಕು. ಉದಗೀರ, ನಿಲಂಗಾದ ಕಡೆ ಅವರ ಮರಾಠಿ ಅಭಂಗಗಳು ಮನೆಮನೆಯಲ್ಲಿ ಪರಿಚಿತ, ಗಡಿಯ ಈಚೆ ಅವರ ದಾಸವಾಣಿ ಅಷ್ಟೇ ಪರಿಚಿತ. ಮನ್ನಾ ಡೇ ಅವರೂ ಕನ್ನಡದಲ್ಲಿ ಹಾಡಿದ್ದಾರೆ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 2013ರ ಅಕ್ಟೋಬರ್ 24ರಂದು ಅಲ್ಲೇ ತೀರಿಕೊಂಡರು. ‘ಕೇತಕಿ ಗುಲಾಬ್ ಜೂಹಿ’ ಕೇಳಿ ಮುಗಿಸಿದವರು ತಡಮಾಡದೆ ಭೀಮಸೇನರ ಆ ಕನ್ನಡ ಹಾಡು ಹಚ್ಚಲಿ. ಅಲ್ಲಿ ಅವರಿಗೆ ಎದುರಾಳಿ ಇಲ್ಲ, ಯಾರಿಗೂ ಜಾಗ ಬಿಟ್ಟುಕೊಡಬೇಕಾಗಿಲ್ಲ. ಪಂದ್ಯದಲ್ಲಿ ಎಷ್ಟನ್ನು ತುಂಬು ಮನಸ್ಸಿನಿಂದ ಕೊಟ್ಟಿದ್ದರು ಎಂಬುದು ಆಗ ಅಳತೆಗೆ ಸಿಗುತ್ತದೆ.